ನಿಮ್ಮ ಕೇಕ್ ಕರಗಲಿಲ್ಲ, ಜಾರಿತು

ಪ್ರಶ್ನೆ: ನಾನು ಶಿಡ್ಲಘಟ್ಟದವಳು. ಮೂರು ವರ್ಷದಿಂದ ಮನೆಯವರಿಗೆ, ಗೆಳತಿಯರಿಗೆ ಹುಟ್ಟುಹಬ್ಬದ ಕೇಕ್ ಮಾಡಿಕೊಡುತ್ತಿದ್ದೇನೆ. ಏಪ್ರಿಲ್ ಕೊನೆಯ ಭಾನುವಾರ ಸಂಜೆ ಕೋಲಾರದ ಒಂದು ಛತ್ರದಲ್ಲಿ ಅಕ್ಕನ ಮಗಳ ಮೊದಲ ವರ್ಷದ ಹುಟ್ಟುಹಬ್ಬ. 80 ಜನ ಬರುತ್ತಾರೆ. ಭಾವ ಒಂದು ಫೋಟೋ ಕಳಿಸಿ ಇದೇ ಥರ ಬೇಕು ಅಂದಿದ್ದಾರೆ. ಮೂರು ಅಂತಸ್ತು, ತುದಿಯಲ್ಲಿ ಆನೆಮರಿ, ಪಕ್ಕದಲ್ಲಿ ನಿಜವಾದ ಗುಲಾಬಿ, ಮೇಲೆಲ್ಲ ಬಂಗಾರದ ಪುಡಿ. ಅಕ್ಕನ ಅತ್ತೆಯವರು ಮೊಟ್ಟೆ ಮುಟ್ಟುವುದಿಲ್ಲ. ಹೋದ ವರ್ಷ ಇದೇ ತಿಂಗಳಲ್ಲಿ ಗೆಳತಿಯ ಮನೆಗೆ ಆಟೋದಲ್ಲಿ ಒಯ್ದ ಮಾವಿನಹಣ್ಣಿನ ಕೇಕ್ ದಾರಿಯಲ್ಲೇ ಕರಗಿ ಒಂದು ಕಡೆಗೆ ವಾಲಿತು. ಅದರ ಫೋಟೋನೂ ಕಳಿಸಿದ್ದೇನೆ. ಯಾವ ಕಂಪನಿಯ ಕ್ರೀಮ್ ತೆಗೆದುಕೊಂಡರೆ ಕರಗುವುದಿಲ್ಲ? ಇನ್ನೊಂದು, ಅಕ್ಕನ ಹತ್ತಿರ ದುಡ್ಡು ತೆಗೆದುಕೊಳ್ಳುವುದು ಸರಿನಾ?

ಉತ್ತರ: ಮೊದಲು ಆ ಹಳೇ ಫೋಟೋ ನೋಡೋಣ. ದೊಡ್ಡದು ಮಾಡಿ ಎರಡು ಸಲ ನೋಡಿದೆ. ಮೇಲೆ ನೀವು ಬಿಡಿಸಿದ ಕ್ರೀಮ್ ಹೂಗಳ ಗೆರೆ ಇನ್ನೂ ಚೂಪಾಗಿಯೇ ಇದೆ. ಕ್ರೀಮ್ ಕರಗಿದ್ದರೆ ಮೊದಲು ಹೋಗುವುದೇ ಆ ಗೆರೆ. ಆಮೇಲೆ ಸುತ್ತಲೂ ಒಂದೇ ಸಮ ಕೆಳಗಿಳಿಯುತ್ತದೆ. ನಿಮ್ಮದರಲ್ಲಿ ಮೇಲಿನ ಪದರ ಇಡಿಯಾಗಿ ಎಡಕ್ಕೆ ಸರಿದಿದೆ. ಬಲಗಡೆ ನಡುವಿನಿಂದ ಹಳದಿ ನೀರು ಇಳಿದು ಬೋರ್ಡಿನ ಮೇಲೆ ನಿಂತಿದೆ. ನಿಮ್ಮ ಕೇಕ್ ಕರಗಲಿಲ್ಲ ತಂಗಿ, ಜಾರಿತು. ಒಳಗೆ ಹಸಿ ಮಾವಿನ ಹೋಳು ತುಂಬಿದ್ದೀರಿ. ಸಕ್ಕರೆಯ ಜೊತೆ ಸೇರಿದ ಹಣ್ಣು ನೀರು ಬಿಡುತ್ತದೆ. ಒದ್ದೆ ಹೋಳಿನ ಮೇಲೆ ಅರ್ಧ ಕೇಜಿ ಸ್ಪಾಂಜ್ ಕೂರಿಸಿ ಆಟೋದಲ್ಲಿ ಹಂಪು ಹಾರಿಸಿದರೆ ಯಾವ ಕಂಪನಿಯ ಕ್ರೀಮ್ ತಾನೇ ಹಿಡಿದು ನಿಲ್ಲಿಸುತ್ತದೆ?

ಇದಕ್ಕೆ ಮದ್ದು ಸುಲಭ. ಹೊಲಕ್ಕೆ ಬದು ಹಾಕುತ್ತಾರಲ್ಲ, ಹಾಗೆ ಪ್ರತಿ ಪದರದ ಅಂಚಿಗೆ ಅರ್ಧ ಇಂಚು ದಪ್ಪ ಗಟ್ಟಿ ಕ್ರೀಮಿನದೋ ಗನಾಶಿನದೋ (ಚಾಕೊಲೇಟಿಗೆ ಕ್ರೀಮ್ ಕಲಸಿದ ಲೇಪ) ಒಂದು ಸುತ್ತು ಎಳೆಯಿರಿ. ಹಣ್ಣು ಅದರ ಒಳಗೇ ಇರಬೇಕು, ಬದುವಿನ ಎತ್ತರ ಮೀರಬಾರದು. ಹಣ್ಣನ್ನು ಹಸಿಯಾಗಿ ಹಾಕಬೇಡಿ. ಒಂದು ಬಟ್ಟಲು ಮಾವಿನ ತಿರುಳಿಗೆ ಎರಡು ಚಮಚ ಸಕ್ಕರೆ, ಒಂದು ಟೀ ಚಮಚ ಕಾರ್ನ್‌ಫ್ಲೋರನ್ನು ನೀರಲ್ಲಿ ಕಲಸಿ ಹಾಕಿ, ಗೊಜ್ಜಿನ ಹದಕ್ಕೆ ಕಾಯಿಸಿ. ಚಮಚದಿಂದ ಬಿಟ್ಟರೆ ದಪ್ಪಗೆ ತಟಕ್ ಅಂತ ಬೀಳಬೇಕು. ಪೂರ್ತಿ ತಣ್ಣಗಾದ ಮೇಲೆ ಹಚ್ಚಿ. ಅನಾನಸಿಗೂ ಇದೇ ಮಾತು. ಹಸಿ ಅನಾನಸಿನಲ್ಲಿರುವ ಒಂದು ಕಿಣ್ವ ಹಾಲಿನ ಕ್ರೀಮನ್ನು ಸ್ವಲ್ಪ ಹೊತ್ತಿಗೇ ಕಹಿ ಮಾಡಿಬಿಡುತ್ತದೆ. ಬೇಯಿಸಿದರೆ ಆ ತೊಂದರೆ ಇಲ್ಲ. ಅಂದಹಾಗೆ, ಏಪ್ರಿಲಿನಲ್ಲಿ ನಿಮಗೆ ಸಿಕ್ಕಿದ್ದು ಎಲ್ಲಿಂದಲೋ ಬಂದ ಹಣ್ಣು. ನಮ್ಮ ಶ್ರೀನಿವಾಸಪುರದ ಬಾದಾಮಿ ಬೇಕೆಂದರೆ ಮೇ ತನಕ ಕಾಯಬೇಕು.

ಈಗ ಈ ವರ್ಷದ ಕೇಕಿಗೆ ಬರೋಣ. ಯಾವ ಕ್ರೀಮ್ ಅಂತ ಕೇಳಿದ್ದೀರಿ. ನಾನು ನಿಮ್ಮನ್ನು ಬೇರೆಯದೇ ಕೇಳುತ್ತೇನೆ. ನಿಮ್ಮ ಫ್ರಿಜ್ಜಿನ ಒಳಗೆ ಎಷ್ಟು ಎತ್ತರ ಜಾಗ ಇದೆ? ಅಕ್ಕನ ಮನೆಯ ಫ್ರಿಜ್ಜಿನಲ್ಲಿ? ಕೇಕ್ ಹೊರಗೆ ಬಂದ ಮೇಲೆ ಕತ್ತರಿಸುವ ತನಕ ಎಷ್ಟು ಹೊತ್ತು? ಈ ಮೂರಕ್ಕೆ ಉತ್ತರ ಸಿಗದೆ ನಾನು ಯಾರ ಕೇಕಿಗೂ ಡಿಸೈನ್ ಒಪ್ಪುವುದಿಲ್ಲ. ಭಾವ ಕಳಿಸಿದ ಫೋಟೋ ಯಾವುದೋ ಎಸಿ ಹಾಲಿನಲ್ಲಿ ತೆಗೆದದ್ದು. ನಮ್ಮ ಕಡೆ ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ 35 ಡಿಗ್ರಿ ಮುಟ್ಟುತ್ತದೆ. ಬೆಣ್ಣೆ ಅಷ್ಟು ಹೊತ್ತಿಗೆ ಬೆಣ್ಣೆಯಾಗಿ ಉಳಿದಿರುವುದಿಲ್ಲ.

ಈ ಪಾಠ ನನಗೆ ಸುಮ್ನೆ ಬಂದದ್ದಲ್ಲ. ನಾನು ಕೇಕ್ ಮಾಡಿಕೊಡಲು ಶುರು ಮಾಡಿದ ಎರಡನೇ ವರ್ಷ, ಮುಳಬಾಗಿಲಿನ ಒಂದು ನಾಮಕರಣಕ್ಕೆ ಮೊಲದ ಕೇಕ್. ಎರಡು ದಿನ ಕೂತು ಮಾಡಿದ್ದೆ, ಕಿವಿ ನೆಟ್ಟಗೆ ನಿಂತಿತ್ತು. ರಾತ್ರಿ ಹನ್ನೊಂದಕ್ಕೆ ಫ್ರಿಜ್ಜಿಗೆ ಇಡಲು ಹೋದರೆ ಬಾಗಿಲು ಹಾಕಲು ಆಗಲಿಲ್ಲ. ಒಂದು ಬಾಗಿಲಿನ ಹಳೇ ಫ್ರಿಜ್ಜು, ತಟ್ಟೆ ತೆಗೆದರೂ 11 ಇಂಚು. ಮೊಲ 13. ಕಿವಿ ಕತ್ತರಿಸಲು ಮನಸ್ಸಾಗದೆ ಫ್ಯಾನಿನ ಕೆಳಗೆ ಇಟ್ಟು ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಎರಡೂ ಕಿವಿ ಹಿಂದಕ್ಕೆ ಮಡಚಿಕೊಂಡಿದ್ದವು. ಅವರ ಮನೆಯ ಮಕ್ಕಳು ಅದನ್ನು ನೋಡಿ 'ಆಂಟಿ, ಇಲಿ ಚೆನ್ನಾಗಿದೆ' ಅಂದರು. ಅವತ್ತಿನಿಂದ ಟೇಪು ನನ್ನ ಕೇಕ್ ಸಾಮಾನಿನ ಡಬ್ಬದಲ್ಲೇ ಇರುತ್ತದೆ.

ಹಾಗಾಗಿ ಭಾವನಿಗೂ ಒಂದು ಕೆಲಸ ಕೊಡಿ. ಅಕ್ಕನ ಮನೆ ಫ್ರಿಜ್ಜಿನ ಉದ್ದ, ಅಗಲ, ಎತ್ತರ ಅಳೆದು ಕಳಿಸಲಿ. ಎರಡೂ ಮನೆಯಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಅಳತೆ.

ಮೂರು ಅಂತಸ್ತು ಬೇಕೇ ಬೇಕು ಅಂದರೆ ನಾನು ಹೀಗೆ ಮಾಡುತ್ತೇನೆ. ಕೆಳಗಿನ 10 ಇಂಚಿನ ಅಂತಸ್ತು ಥರ್ಮಾಕೋಲಿನದು. ಅದರ ಮೇಲೆ 8 ಇಂಚಿನದು, ತುದಿಗೆ 6 ಇಂಚಿನದು, ಇವೆರಡು ನಿಜವಾದ ಕೇಕ್. ಇದು ಮೋಸ ಅಲ್ವಾ ಅಂತ ನಿಮಗೆ ಅನ್ನಿಸಬಹುದು. ಅಕ್ಕ ಭಾವನಿಗೆ ಮೊದಲೇ ಹೇಳಿ ಮಾಡಿದರೆ ಮೋಸ ಏನೂ ಇಲ್ಲ. ದೊಡ್ಡ ದೊಡ್ಡ ಮದುವೆಗಳಲ್ಲಿ ನಿಲ್ಲಿಸುವ ಐದು ಅಂತಸ್ತಿನ ಕೇಕುಗಳಲ್ಲೂ ಎಷ್ಟೋ ಸಲ ಒಂದೋ ಎರಡೋ ಮಾತ್ರ ತಿನ್ನುವಂಥದ್ದು. ಥರ್ಮಾಕೋಲಿಗೆ ಕ್ಲಿಂಗ್ ಫಿಲ್ಮ್ (ಅಂಟಿಕೊಳ್ಳುವ ತೆಳು ಪ್ಲಾಸ್ಟಿಕ್ ಹಾಳೆ) ಬಿಗಿಯಾಗಿ ಸುತ್ತಿ, ಒಂದಿಷ್ಟು ನೀರು ಸವರಿ ಫಾಂಡೆಂಟ್, ಅಂದರೆ ಲಟ್ಟಿಸುವ ಸಕ್ಕರೆಯ ಹಿಟ್ಟು, ಹೊದಿಸಿ. ವಾರ ಮೊದಲೇ ಮಾಡಿ ಮಂಚದ ಕೆಳಗೆ ಇಟ್ಟರೂ ಏನೂ ಆಗುವುದಿಲ್ಲ, ಇರುವೆ ಒಂದು ಬರದಂತೆ ನೋಡಿಕೊಳ್ಳಿ. ಅದಕ್ಕೆ ಫ್ರಿಜ್ಜೂ ಬೇಡ, ದಾರಿಯಲ್ಲಿ ಭಾರವೂ ಇಲ್ಲ.

80 ಜನಕ್ಕೆ ಸಾಲುತ್ತದಾ? ಊಟದ ಜೊತೆ ಕೊಡುವ ತುಂಡು 80 ಗ್ರಾಂ ಇದ್ದರೆ ಧಾರಾಳ. ಒಟ್ಟು ಆರೂವರೆ ಕೇಜಿ ಬೇಕು. ಮೇಲಿನ ಎರಡು ಅಂತಸ್ತು ಸೇರಿ ಮೂರು ಕೇಜಿ ಬರುತ್ತದೆ. ಉಳಿದ ಮೂರೂವರೆ ಕೇಜಿಗೆ ಅಲಂಕಾರವಿಲ್ಲದ ಸ್ಲ್ಯಾಬ್ ಕೇಕ್ ಮಾಡಿ ಛತ್ರದ ಅಡುಗೆಮನೆಯಲ್ಲೇ ಕತ್ತರಿಸಿ ತಟ್ಟೆಗೆ ಹಾಕಿಸಿ. ವೇದಿಕೆ ಮೇಲಿನ ಕೇಕಿನಿಂದಲೇ ಎಲ್ಲರಿಗೂ ಹಂಚಲು ಹೋದರೆ ಅರ್ಧ ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಮೊದಲ ಪಂಕ್ತಿ ಊಟಕ್ಕೆ ಕೂತಿರುತ್ತದೆ. ಮಾವಿನ ಆಸೆ ಇದ್ದರೆ ಈ ಸ್ಲ್ಯಾಬಿಗೆ ಹಾಕಿ ತೀರಿಸಿಕೊಳ್ಳಿ. ನಿಲ್ಲುವ ಕೇಕಿಗೆ ಬೇಡ. ಅದು ಚಾಕೊಲೇಟಿನದೇ ಇರಲಿ.

ಮೊಟ್ಟೆ ಇಲ್ಲದ ಸ್ಪಾಂಜಿಗೆ ನನ್ನ ನಂಬಿಕೆ ಮೊಸರಿನ ಮೇಲೆ. 7 ಇಂಚಿನ ಒಂದು ತಟ್ಟೆಗೆ ಲೆಕ್ಕ ಹೇಳುತ್ತೇನೆ. ಒಂದು ಕಪ್ ಗಟ್ಟಿ ಮೊಸರು, ಅದೇ ಕಪ್ಪಿನಲ್ಲಿ ಮುಕ್ಕಾಲು ಸಕ್ಕರೆ, ಎರಡನ್ನೂ ಸಕ್ಕರೆ ಕರಗುವ ತನಕ ಕದಡಿ. ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ ಐದು ನಿಮಿಷ ಬಿಡಿ. ನೊರೆ ಎದ್ದು ಬರುತ್ತದೆ. ಅರ್ಧ ಕಪ್ ವಾಸನೆ ಇಲ್ಲದ ಎಣ್ಣೆ, ಒಂದು ಚಮಚ ವೆನಿಲ್ಲಾ. ಆಮೇಲೆ ಜರಡಿ ಹಿಡಿದ ಒಂದೂವರೆ ಕಪ್ ಮೈದಾ. ಚಾಕೊಲೇಟ್ ಬೇಕೆಂದರೆ ಅದರಲ್ಲಿ ಕಾಲು ಕಪ್ ಮೈದಾ ತೆಗೆದು ಅಷ್ಟೇ ಕೋಕೋ ಪುಡಿ ಸೇರಿಸಿ. ಮೈದಾ ಬಿದ್ದ ಮೇಲೆ ಜಾಸ್ತಿ ಕಲಸಬೇಡಿ, ಇಡ್ಲಿ ಹಿಟ್ಟಿಗೆ ಉಪ್ಪು ಕಲಸುವಷ್ಟೇ ಕೈಯಾಡಿಸಿ. 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. 8 ಇಂಚಿನ ತಟ್ಟೆ ಅಂದರೆ ಒಂದೇ ಇಂಚು ದೊಡ್ಡದು ಅನ್ನಿಸುತ್ತದೆ, ಆದರೆ ಹಿಟ್ಟು ಮೂರನೇ ಒಂದು ಭಾಗ ಜಾಸ್ತಿ ಬೇಕು. ಪ್ರತಿ ಅಂತಸ್ತಿಗೂ ಎರಡೆರಡು ಬೇಯಿಸಿ. ಚೆನ್ನಾಗಿ ಉಬ್ಬಲಿ ಅಂತ ಬೇಕಿಂಗ್ ಪೌಡರ್ ಒಂದು ಚಿಟಿಕೆ ಜಾಸ್ತಿ ಹಾಕುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆ ಸಮುದ್ರ ಮಟ್ಟದಿಂದ 800, 900 ಮೀಟರ್ ಮೇಲಿವೆ. ಗಾಳಿಯ ಒತ್ತಡ ಕಡಿಮೆ ಇರುವ ಕಡೆ ಕೇಕ್ ಬೇಗ ಉಬ್ಬುತ್ತದೆ, ಉಬ್ಬಿದ್ದು ನಡುವಿನಲ್ಲಿ ಕೂತುಬಿಡುತ್ತದೆ.

ಬೆಂದ ಕೇಕನ್ನು ಅದೇ ದಿನ ಕತ್ತರಿಸಬೇಡಿ. ಆರಿದ ಮೇಲೆ ಕ್ಲಿಂಗ್ ಫಿಲ್ಮ್ ಸುತ್ತಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಮೇಲೆ ಮುಟ್ಟಿದರೆ ತಣ್ಣಗಿದ್ದರೂ ನಡುವಿನಲ್ಲಿ ಬಿಸಿ ಎರಡು ಗಂಟೆ ಉಳಿದಿರುತ್ತದೆ. ಕ್ರೀಮ್ ನಿಲ್ಲಲಿಲ್ಲ ಅಂತ ಬರುವ ಹತ್ತು ದೂರಿನಲ್ಲಿ ನಾನು ಮೊದಲು ಕೇಳುವುದೇ ಇದನ್ನು.

ಇನ್ನು ಕ್ರೀಮಿನ ವಿಷಯ. ಅಂಗಡಿಯಲ್ಲಿ ಮೂರು ಥರದ್ದು ಸಿಗುತ್ತದೆ. ಗ್ರೇವಿಗೆ ಹಾಕುವ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ಸಾಮಾನ್ಯವಾಗಿ 25% ಇರುತ್ತದೆ. ಅದನ್ನು ರಾತ್ರಿಯಿಡೀ ಬೀಟ್ ಮಾಡಿದರೂ ಗಟ್ಟಿಯಾಗಿ ನಿಲ್ಲುವುದಿಲ್ಲ, ಕಡಿಮೆ ಅಂದರೂ 30% ಬೇಕು. ಹಾಲಿನದೇ ವಿಪ್ಪಿಂಗ್ ಕ್ರೀಮ್ ರುಚಿಗೆ ಎಲ್ಲಕ್ಕಿಂತ ಮೇಲು, ಆದರೆ ನಮ್ಮ ಏಪ್ರಿಲಿಗೆ ನಾಜೂಕು. ಮೂರನೆಯದು ಬೇಕರಿಯವರು ಬಳಸುವ, ಸಸ್ಯಮೂಲದ ಕೊಬ್ಬಿನ, ಫ್ರೀಜರಿನಲ್ಲಿಟ್ಟು ಮಾರುವ ಕ್ರೀಮ್. ನಿಮ್ಮ ಸ್ಲ್ಯಾಬಿಗೆ ಅದೇ ಸರಿ. ಹಿಂದಿನ ರಾತ್ರಿ ಫ್ರೀಜರಿನಿಂದ ಕೆಳಗಿನ ತಟ್ಟೆಗೆ ಇಳಿಸಿ. ಪಾತ್ರೆ, ಬೀಟರಿನ ಕಡ್ಡಿಗಳನ್ನೂ ತಣ್ಣಗೆ ಮಾಡಿಕೊಳ್ಳಿ. ಕ್ರೀಮಿನಲ್ಲಿ ಇನ್ನೂ ಒಂದೆರಡು ಐಸ್ ಹರಳು ಕೈಗೆ ಸಿಗುವಾಗಲೇ ಬೀಟ್ ಮಾಡಲು ಶುರು ಮಾಡಿ, ನಡು ವೇಗದಲ್ಲಿ. ಬೀಟರ್ ಎತ್ತಿದಾಗ ತುದಿ ಸ್ವಲ್ಪ ಬಾಗಿದರೆ ಸಾಕು. ಇನ್ನೂ ಗಟ್ಟಿ ಆಗಲಿ ಅಂತ ಬಿಟ್ಟರೆ ರವೆ ರವೆಯಾಗುತ್ತದೆ. ಹಾಗಾದರೆ ಬೀಟ್ ಮಾಡದ ಕ್ರೀಮ್ ಎರಡು ಚಮಚ ಹಾಕಿ ಕೈಯಲ್ಲೇ ಮೆಲ್ಲಗೆ ತಿರುವಿ, ಸರಿಹೋಗುತ್ತದೆ.

ನಿಲ್ಲುವ ಎರಡು ಅಂತಸ್ತಿಗೆ ಮಾತ್ರ ಕ್ರೀಮ್ ಬೇಡವೇ ಬೇಡ. ಫಾಂಡೆಂಟ್ ಸಕ್ಕರೆಯದು. ಒದ್ದೆ ಕ್ರೀಮಿನ ಮೇಲೆ ಹೊದಿಸಿದರೆ ಅದು ಕರಗಿ ಇಳಿಯುತ್ತದೆ. ಅಲ್ಲಿಗೆ ಗನಾಶ್ ಹಾಕಿ. ಡಾರ್ಕ್ ಕಾಂಪೌಂಡ್ ಚಾಕೊಲೇಟ್ (ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಹಾಕಿದ್ದು) ಎರಡು ಪಾಲು, ಕ್ರೀಮ್ ಒಂದು ಪಾಲು, ತೂಕದಲ್ಲಿ. ನಿಮಗೆ 800 ಗ್ರಾಂ ಚಾಕೊಲೇಟ್, 400 ಗ್ರಾಂ ಕ್ರೀಮ್ ಸಾಕಾಗಬೇಕು. ವಿಪ್ ಆಗದ ಆ ಫ್ರೆಶ್ ಕ್ರೀಮ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಕ್ರೀಮ್ ಅಂಚಿನಲ್ಲಿ ಗುಳ್ಳೆ ಬರುವಷ್ಟು ಬಿಸಿ ಮಾಡಿ, ಸಣ್ಣಗೆ ಹೆಚ್ಚಿದ ಚಾಕೊಲೇಟಿನ ಮೇಲೆ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ನಡುವಿನಿಂದ ಹೊರಕ್ಕೆ ತಿರುವಿ. ಮೂರು ನಾಲ್ಕು ಗಂಟೆ ಆರಿಸಿದರೆ ಕಡಲೆಕಾಯಿ ಬೆಣ್ಣೆಯ ಹದಕ್ಕೆ ಬರುತ್ತದೆ. ಆಗ ಹಚ್ಚಿ. ಬಿಸಿ ಬಿಸಿ ಹಚ್ಚಿದರೆ ಕೇಕೇ ಕುಡಿದುಬಿಡುತ್ತದೆ. ಕಾಂಪೌಂಡ್ ಬೇಡ, ಒಳ್ಳೇ ಚಾಕೊಲೇಟ್ ತಂದುಕೊಡುತ್ತೇನೆ ಅಂತ ಭಾವ ಹೇಳಬಹುದು. ರುಚಿಗೆ ಅದೇ ಮೇಲು, ನಾನೂ ಒಪ್ಪುತ್ತೇನೆ. ಆದರೆ ಅದರ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ಆ ಚಾಕೊಲೇಟನ್ನು ಡಿಸೆಂಬರಿಗೆ ಎತ್ತಿಡಿ.

ಗನಾಶ್ ಹಚ್ಚಿದ ಅಂತಸ್ತನ್ನು ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ, ಫಾಂಡೆಂಟ್ ಲಟ್ಟಿಸಿ ಹೊದಿಸಬೇಕು. ಲಟ್ಟಿಸುವುದು ನಿಮಗೆ ಗೊತ್ತಿದೆ ಅಂತ ನಿಮ್ಮ ಇನ್ನೊಂದು ಫೋಟೋದಿಂದಲೇ ತಿಳಿಯಿತು, ಅಂಚು ಚೆನ್ನಾಗಿ ಬಂದಿದೆ. ಹೇಳಬೇಕಾದ್ದು ಬೇರೆ. ಶಿಡ್ಲಘಟ್ಟದವರಿಗೆ ಸೆಕೆ ಕಡಿಮೆ ಮಾಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಹುಳು ಸಾಕುವ ಮನೆಯಲ್ಲಿ ಕಿಟಕಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುತ್ತೀರಿ. ಕೇಕಿನ ಕೋಣೆಗೂ ಅದನ್ನೇ ಮಾಡೋಣ ಅನ್ನಿಸುವುದು ಸಹಜ. ದಯವಿಟ್ಟು ಮಾಡಬೇಡಿ. ಏರ್ ಕೂಲರನ್ನೂ ಹಾಕಬೇಡಿ. ಹುಳಕ್ಕೆ ಬೇಕಾದ ತೇವ ಫಾಂಡೆಂಟಿಗೆ ಆಗದು, ಗಾಳಿಯ ತೇವ ಕುಡಿದು ಅಂಟಂಟಾಗುತ್ತದೆ. ಒಣ ಸೆಕೆ ಅದಕ್ಕೆ ಪರವಾಗಿಲ್ಲ. ಬೆಳಗಿನ ಜಾವ ಫ್ಯಾನಿನ ಗಾಳಿಯಲ್ಲಿ ಕೆಲಸ ಮುಗಿಸಿಕೊಳ್ಳಿ. ಫ್ರಿಜ್ಜಿನಲ್ಲಿ ಇಡುವಾಗ ರಟ್ಟಿನ ಪೆಟ್ಟಿಗೆಯೊಳಗೆ ಇಡಿ, ರಟ್ಟು ತೇವ ಎಳೆದುಕೊಳ್ಳುತ್ತದೆ. ಹೊರಗೆ ತೆಗೆದಾಗ ಮೈಮೇಲೆ ನೀರಿನ ಹನಿ ಮೂಡಿದರೆ ಒರೆಸಲು ಹೋಗಬೇಡಿ, ಬೆರಳಿನ ಗುರುತು ಹಾಗೇ ಉಳಿಯುತ್ತದೆ. ಫ್ಯಾನಿನ ಮುಂದೆ ಇಟ್ಟರೆ ತಾನೇ ಒಣಗುತ್ತದೆ.

ಆನೆಮರಿಯನ್ನು ಹಿಂದಿನ ಭಾನುವಾರವೇ ಮಾಡಿ. ಕಾಲು ಕೇಜಿ ಫಾಂಡೆಂಟಿಗೆ ಅರ್ಧ ಟೀ ಚಮಚ ಸಿಎಂಸಿ ಪುಡಿ (ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಅಂಟಿನ ಪುಡಿ) ನಾದಿಕೊಂಡರೆ ಗಟ್ಟಿಯಾಗಿ ಒಣಗುತ್ತದೆ. ಪೂರ್ತಿ ಫಾಂಡೆಂಟಿನ ಆನೆ ಕಲ್ಲಿನಷ್ಟು ಭಾರ ಆಗುತ್ತದೆ, ಮೇಲಿನ ಕೇಕನ್ನೇ ಅದುಮುತ್ತದೆ. ನಾನು ಹೊಟ್ಟೆಗೆ ಕಡಲೆಪುರಿ ಉಂಡೆ ಇಡುತ್ತೇನೆ. ಬೆಲ್ಲದ ಪಾಕ ಗಟ್ಟಿ ಇರಲಿ, ಉಂಡೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಿರಲಿ. ಅದರ ಮೇಲೆ ತೆಳ್ಳಗೆ ಫಾಂಡೆಂಟ್ ಹೊದಿಸಿದರೆ ಹೊಟ್ಟೆ ತಯಾರು. ಹಗುರ, ತಿನ್ನಲೂ ಬರುತ್ತದೆ. ಕಿವಿಯನ್ನು ಚಮಚದ ಹಿಂಬದಿಯ ಮೇಲೆ ಒಣಗಲು ಬಿಟ್ಟರೆ ಸರಿಯಾದ ಬಾಗು ಬರುತ್ತದೆ. ಸೊಂಡಿಲನ್ನು ಮೇಲಕ್ಕೆ ಎತ್ತಬೇಡಿ, ಹೊಟ್ಟೆಗೆ ಒರಗಿಸಿ. ಎತ್ತಿದ ಸೊಂಡಿಲು ಚಿಂತಾಮಣಿ ದಾಟುವುದಿಲ್ಲ. ಒಣಗಿದ ಆನೆಯನ್ನು ಮುಚ್ಚಳ ಬಿಗಿದ ಡಬ್ಬದಲ್ಲೋ ಫ್ರಿಜ್ಜಿನಲ್ಲೋ ಇಡದೆ ತೂತಿರುವ ರಟ್ಟಿನ ಪೆಟ್ಟಿಗೆಯಲ್ಲಿಡಿ.

ಬಂಗಾರದ ಪುಡಿ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಅಂಗಡಿಯವರು 'ನಾನ್ ಟಾಕ್ಸಿಕ್ ಮೇಡಂ, ಏನೂ ಆಗಲ್ಲ' ಅನ್ನುತ್ತಾರೆ. ವಿಷವಲ್ಲ ಅಂದರೆ ತಿನ್ನಬಹುದು ಅಂತ ಅರ್ಥವಲ್ಲ. ಕ್ರೇಯಾನ್ ಡಬ್ಬದ ಮೇಲೂ ಅದೇ ಬರೆದಿರುತ್ತದೆ. 2018ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಹೊಳಪಿನ ಪುಡಿ ಹಚ್ಚಿದ ಹುಟ್ಟುಹಬ್ಬದ ಕೇಕ್ ತಿಂದು ಆರು ಮಕ್ಕಳು ವಾಂತಿ ಮಾಡಿಕೊಂಡರು. ಪರೀಕ್ಷಿಸಿದರೆ ಆ ಪುಡಿಯಲ್ಲಿ ವಿಪರೀತ ತಾಮ್ರ ಇತ್ತು. ಡಬ್ಬದ ಮೇಲೆ ತಿನ್ನಬಹುದಾದ್ದು ಅಂತ ಸ್ಪಷ್ಟವಾಗಿ ಬರೆದಿರಬೇಕು, ಒಳಗೆ ಏನೇನಿದೆ ಅನ್ನುವ ಪಟ್ಟಿ ಇರಬೇಕು, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು. ಇಲ್ಲದಿದ್ದರೆ ಆ ಹೊಳಪು ಥರ್ಮಾಕೋಲಿನ ಅಂತಸ್ತಿಗೆ ಮಾತ್ರ. ನೋಡಿ, ಅಲ್ಲೂ ಅದು ಉಪಯೋಗಕ್ಕೆ ಬಂತು.

ಬಣ್ಣ ತೆಳುವಾಗಿರಲಿ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿ ಪರೀಕ್ಷೆ ಮಾಡಿಸಿದಾಗ 12ರಲ್ಲಿ ಕೃತಕ ಬಣ್ಣ ಅಸುರಕ್ಷಿತ ಮಟ್ಟದಲ್ಲಿತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ನಂಥ ಗಾಢ ಬಣ್ಣದವುಗಳ ಹೆಸರೇ ಆಗ ಹೆಚ್ಚು ಕೇಳಿಬಂತು. ಕಡುಗೆಂಪು, ಕಪ್ಪು ಬರಿಸಲು ಬಣ್ಣ ಸುರಿಯಲೇಬೇಕು, ಆಮೇಲೆ ಬಾಯಿ ಕಹಿ, ಮಕ್ಕಳ ನಾಲಿಗೆಯೆಲ್ಲ ಬಣ್ಣ. ಒಂದು ವರ್ಷದ ಮಗುವಿನ ಕೇಕಿಗೆ ತೆಳು ಗುಲಾಬಿ ಸಾಕು. ಬೀಟ್‌ರೂಟ್ ರಸವನ್ನು ಕುದಿಸಿ ಅರ್ಧಕ್ಕೆ ಇಳಿಸಿ ನಾಲ್ಕು ಹನಿ ಹಾಕಿದರೂ ಆ ಬಣ್ಣ ಬರುತ್ತದೆ. ಬೇಯಿಸುವ ಹಿಟ್ಟಿಗೆ ಮಾತ್ರ ಅದನ್ನು ಹಾಕಬೇಡಿ, ಕಂದಿ ಹೋಗುತ್ತದೆ. ಮುತ್ತಿನಂಥ ಸಕ್ಕರೆ ಗುಂಡುಗಳೂ ಬೇಡ. ಮಗುವಿನ ಕೈಗೆ ಸಿಕ್ಕರೆ ನೇರ ಬಾಯಿಗೆ, ಅಲ್ಲಿಂದ ಗಂಟಲಿಗೆ.

ಗುಲಾಬಿ ಅಂದಾಗ ನಿಮ್ಮ ಜಿಲ್ಲೆಯವರಿಗೆ ಏನು ಹೇಳೋದು. ಪಾಲಿಹೌಸಿನಲ್ಲಿ ಬೆಳೆದ ಒಂದೇ ಅಳತೆಯ ಹೂವು ಕೈಗೆಟುಕುವಂತೆ ಸಿಗುತ್ತದೆ. ಆದರೆ ಅದು ಮಾರುಕಟ್ಟೆಗೆ ಅಂತ ಬೆಳೆದದ್ದು, ಔಷಧಿ ಹೊಡೆದೇ ಇರುತ್ತಾರೆ. ಯಾರದಾದರೂ ಹಿತ್ತಲಲ್ಲಿ ಔಷಧಿ ಕಾಣದ ಪನ್ನೀರು ಗುಲಾಬಿ ಇದ್ದರೆ ಅದು ಬೇರೆ ಮಾತು. ಅಂಗಡಿ ಹೂವೇ ಆಗಬೇಕೆಂದರೆ ಅದನ್ನೂ ಥರ್ಮಾಕೋಲಿನ ಸುತ್ತ ಬೋರ್ಡಿನ ಮೇಲೆ ಜೋಡಿಸಿ. ತೊಟ್ಟನ್ನು ಕೇಕಿಗೆ ಚುಚ್ಚಬೇಡಿ. ಅಂದಕ್ಕೆ ಅಂತ ಕಣಗಿಲೆ ಹೂವನ್ನು ಕೇಕಿನ ಮೇಲಿಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೂವು, ಎಲೆ, ಕಡ್ಡಿ ಎಲ್ಲವೂ ವಿಷ. ಮೇಕೆ ಕೂಡ ಮುಟ್ಟದ ಗಿಡ ಅದು.

ಪ್ರಯಾಣಕ್ಕೆ ಬರೋಣ. ಅಂತಸ್ತುಗಳನ್ನು ಮನೆಯಲ್ಲಿ ಜೋಡಿಸಬೇಡಿ. ಬೇರೆ ಬೇರೆ ಪೆಟ್ಟಿಗೆಯಲ್ಲಿ ಒಯ್ದು ಛತ್ರದಲ್ಲೇ ಒಂದರ ಮೇಲೊಂದು ಇಡಿ. ಪ್ರತಿ ಅಂತಸ್ತಿಗೂ ಅದರದೇ ಅಳತೆಯ ರಟ್ಟು ಕೆಳಗಿರಬೇಕು. 8 ಇಂಚಿನ ಕೇಕಿನೊಳಗೆ, 6 ಇಂಚಿನದು ಕೂರುವ ಜಾಗದಲ್ಲಿ, ದಪ್ಪ ಪ್ಲಾಸ್ಟಿಕ್ ಸ್ಟ್ರಾ ಐದು ಇಳಿಸಿ, ಕೇಕಿನ ಮಟ್ಟಕ್ಕೆ ಕತ್ತರಿಸಿ. ಮೇಲಿನ ಭಾರ ಸ್ಟ್ರಾ ಹೊರುತ್ತದೆ, ಸ್ಪಾಂಜ್ ಹೊರುವುದಿಲ್ಲ. ಮರದ ಕಡ್ಡಿ ಚುಚ್ಚುವವರು ಇದ್ದಾರೆ. ನಾನು ಬಿಟ್ಟುಬಿಟ್ಟೆ. ಕೇಕ್ ಕತ್ತರಿಸಿದ ತಕ್ಷಣ ಯಾರದೋ ಮುಖ ಹಿಡಿದು ಕೇಕಿಗೆ ಒತ್ತುವ ಹುಚ್ಚು ನಮ್ಮ ಹುಡುಗರಿಗೆ ಹಿಡಿದಿದೆ. ಒಳಗೆ ಕಡ್ಡಿ ಇದ್ದರೆ ಕಣ್ಣು ಹೋಗುತ್ತದೆ. ಅಲ್ಲೇ ಜೋಡಿಸುವುದರಿಂದ ನಡುವಿನ ಉದ್ದ ಕಡ್ಡಿಯ ಅಗತ್ಯವೇ ನಿಮಗೆ ಬೀಳುವುದಿಲ್ಲ. ಥರ್ಮಾಕೋಲನ್ನು ಮಾತ್ರ ಬೋರ್ಡಿಗೆ ಭದ್ರವಾಗಿ ಅಂಟಿಸಿ ತನ್ನಿ.

ಭಾನುವಾರ ಬೆಳಗ್ಗೆ ಆರು ಗಂಟೆಗೆ ಊರು ಬಿಡಿ. ಬಿಸಿಲೂ ಇರುವುದಿಲ್ಲ, ರಸ್ತೆಯೂ ಖಾಲಿ. ಚಿಂತಾಮಣಿ ಮೇಲೆ ಕೋಲಾರ ಮುಟ್ಟುವಷ್ಟರಲ್ಲಿ ಎಷ್ಟು ಹಂಪು ಬರುತ್ತವೆ ಅಂತ ನಿಮಗೇ ಗೊತ್ತು. ಕೇಕಿನ ಜಾಗ ಕಾರಿನ ನೆಲ, ಮುಂದಿನ ಸೀಟಿನ ಕಾಲಿಡುವ ಕಡೆ. ಸೀಟು ಹಿಂದಕ್ಕೆ ಇಳಿಜಾರು, ತೊಡೆ ಬಿಸಿ, ಎರಡೂ ಬೇಡ. ಪೆಟ್ಟಿಗೆಯ ಕೆಳಗೆ ಜಾರದಂಥ ರಬ್ಬರ್ ಚಾಪೆ ಹಾಸಿ. ಎಸಿಯನ್ನು ಹೊರಡುವ ಹತ್ತು ನಿಮಿಷ ಮುಂಚೆಯೇ ಹಾಕಿ. ಒಂದು ಸಣ್ಣ ಡಬ್ಬದಲ್ಲಿ ಉಳಿದ ಗನಾಶ್, ಒಂದು ಉಂಡೆ ಫಾಂಡೆಂಟ್, ಬ್ರಷ್, ಚಾಕು ಜೊತೆಗಿರಲಿ. ಇಪ್ಪತ್ತು ವರ್ಷದಿಂದ ಈ ಡಬ್ಬ ಒಯ್ಯುತ್ತಿದ್ದೇನೆ, ತೆರೆಯದೆ ವಾಪಸ್ ತಂದದ್ದು ಬಹಳ ಕಡಿಮೆ.

ಅಕ್ಕನ ಮನೆಯ ಫ್ರಿಜ್ಜಿನಲ್ಲಿಟ್ಟ ಮೇಲೆ ಅವಸರ ಮಾಡಬೇಡಿ. ಭಾನುವಾರ ಸಂಜೆ ನಾಲ್ಕೂವರೆಯಿಂದ ಆರರ ತನಕ ರಾಹುಕಾಲ. ಅಕ್ಕನ ಅತ್ತೆಯವರು ಆ ಹೊತ್ತಿನಲ್ಲಿ ಕೇಕ್ ಕತ್ತರಿಸಲು ಬಿಡುವುದಿಲ್ಲ ಅಂತ ನಾನು ಇಲ್ಲಿಂದಲೇ ಹೇಳುತ್ತೇನೆ. ಹಾಗಾಗಿ ಆರೂಕಾಲಿಗೆ ಮುಂಚೆ ಕತ್ತರಿಸುವುದಿಲ್ಲ. ಐದೂಕಾಲಿಗೆ ಮನೆ ಬಿಟ್ಟರೆ ಸಾಕು. ಛತ್ರದಲ್ಲಿ ಮೇಜು ಎಲ್ಲಿ ಹಾಕುತ್ತಾರೆ ನೋಡಿ. ವಿಡಿಯೋದವರು ಫೋಕಸ್ ಲೈಟನ್ನು ಕೇಕಿನ ನೆತ್ತಿಗೇ ಹಿಡಿದು ನಿಲ್ಲಿಸುತ್ತಾರೆ, ಹತ್ತು ನಿಮಿಷದಲ್ಲಿ ಫಾಂಡೆಂಟ್ ಬೆವರುತ್ತದೆ. ಕತ್ತರಿಸುವ ಹೊತ್ತಿಗೆ ಹಾಕಿ ಅಣ್ಣಾ ಅಂತ ಮೊದಲೇ ಹೇಳಿಡಿ. ಸ್ನೋ ಸ್ಪ್ರೇ ಡಬ್ಬಗಳನ್ನು ಮಕ್ಕಳ ಕೈಯಿಂದ ಈಸಿಕೊಳ್ಳಿ. ಅದರ ಗಾಳಿಗೆ ಬೆಂಕಿ ಹತ್ತುತ್ತದೆ, ಮೇಣದಬತ್ತಿ ಪಕ್ಕದಲ್ಲೇ ಇರುತ್ತದೆ. ಅದು ಬಿದ್ದ ಕೇಕನ್ನು ತಿನ್ನುವಂತೆಯೂ ಇಲ್ಲ.

ದುಡ್ಡಿನ ಮಾತು. ಅಕ್ಕನ ಹತ್ತಿರ ಕೂಲಿ ತೆಗೆದುಕೊಳ್ಳಬೇಡಿ. ಸಾಮಾನಿನ ಖರ್ಚು ಮಾತ್ರ ಅವರದೇ ಆಗಲಿ. ಮೂರು ಅಂತಸ್ತಿನ ಸಾಮಾನು ಪೂರ್ತಿ ನಿಮ್ಮ ತಲೆ ಮೇಲೆ ಬಿದ್ದರೆ ಮುಂದಿನ ಸಲ ಅಕ್ಕ ಕೇಕ್ ಕೇಳಿದಾಗ ನಿಮಗೇ ಬೇಜಾರಾಗುತ್ತದೆ. ಕೊಟ್ಟ ಮೇಲೆ ಲೆಕ್ಕ ಹೇಳುವುದು ಮುಜುಗರ, ಆದ್ದರಿಂದ ಮೊದಲೇ ಪಟ್ಟಿ ಕಳಿಸಿ ಅವರಿಂದಲೇ ತರಿಸಿಕೊಳ್ಳಿ. ಗೆಳತಿಯ ಗೆಳತಿ, ಗಂಡನ ಆಫೀಸಿನವರು ಅಂತ ಬಂದಾಗ ಮಾತ್ರ ರೇಟು ಹೇಳಿ. ಸಾಮಾನು, ಕರೆಂಟು, ಪೆಟ್ಟಿಗೆ, ಜೊತೆಗೆ ನೀವು ಕೂತ ಗಂಟೆಗಳ ಕೂಲಿ. ಕೂತ ಗಂಟೆ ಬರೆದಿಡದಿದ್ದರೆ ಯಾವಾಗಲೂ ಕಡಿಮೆ ಹೇಳುತ್ತೀರಿ. ಆ ಆನೆಗೇ ಎಷ್ಟು ಹೊತ್ತು ಹಿಡಿಯಿತು ಅಂತ ಈ ಸಲ ಗಡಿಯಾರ ನೋಡಿ ಬರೆದುಕೊಳ್ಳಿ. ದುಡ್ಡಿಗೆ ಮಾರಲು ಶುರು ಮಾಡಿದ ದಿನದಿಂದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಮನೆಯಲ್ಲೇ ಮಾಡಿದರೂ ಬೇಕು. ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು, ಸಣ್ಣ ಮಟ್ಟದವರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ.

ಭಾವನಿಗೆ ಇವತ್ತೇ ಪಟ್ಟಿ ಕಳಿಸಿಬಿಡಿ. ಡಾರ್ಕ್ ಕಾಂಪೌಂಡ್ 800 ಗ್ರಾಂ, ಬಿಳಿ ಫಾಂಡೆಂಟ್ ಎರಡೂವರೆ ಕೇಜಿ, ಬೇಕರಿ ಕ್ರೀಮ್ ಒಂದು ಕೇಜಿ, ಫ್ರೆಶ್ ಕ್ರೀಮ್ 400 ಗ್ರಾಂ, 10 ಇಂಚಿನ ದುಂಡು ಥರ್ಮಾಕೋಲ್ ಒಂದು. ಫ್ರಿಜ್ಜಿನ ಅಳತೆಯನ್ನೂ ಅದೇ ಮೆಸೇಜಿನಲ್ಲಿ ಕೇಳಿ.